ಬೇರು ಬಾಗುವುದನ್ನು ನೋಡಬೇಕಾದರೆ ಬಟ್ಟೆ ಹಿಂಡಲು ಕಲಿಯಿರಿ

ಬೇರು ಕೆಳಕ್ಕೂ ಕಾಂಡ ಮೇಲಕ್ಕೂ ಬೆಳೆಯುತ್ತದೆಂದು ಮಕ್ಕಳಿಗೆ ತೋರಿಸಲು ಹೊರಟು, ಲೋಟದ ತಳಕ್ಕೆ ಹತ್ತಿ ತುರುಕಿ, ಕಾಳು ಮುಳುಗುವಷ್ಟು ನೀರು ಸುರಿದು, ಅದನ್ನು ಕಿಟಕಿಯಲ್ಲಿಟ್ಟು ಮರೆತುಬಿಡುವ ತಾಯ್ತಂದೆಯರನ್ನು ಕಂಡಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ಹಾಗೆ ಇಟ್ಟ ಕಾಳು ಲೋಳೆಗಟ್ಟಿ ನಾರುತ್ತದೆ. ಒಂದು ವೇಳೆ ಮೊಳೆತರೂ, ಬೇರು ಇಳಿದದ್ದು ಭೂಮಿಯ ಸೆಳೆತಕ್ಕೋ ತಳದಲ್ಲಿ ನಿಂತ ನೀರಿಗೋ, ಕಾಂಡ ಎದ್ದದ್ದು ಸೆಳೆತಕ್ಕೆ ಎದುರಾಗಿಯೋ ಬೆಳಕನ್ನು ಅರಸಿಯೋ ಎಂದು ಯಾರೂ ಹೇಳಲಾರರು. ಬೇರು ತೇವದ ಕಡೆಗೂ ಬಾಗುತ್ತದೆ, ಕಾಂಡ ಬೆಳಕಿನ ಕಡೆಗೂ ಬಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಕಲಸಿ ಒಂದರ ಹೆಸರು ಹೇಳುವುದಕ್ಕೆ ಪ್ರಯೋಗ ಎನ್ನುವುದಿಲ್ಲ.

ಅಲಸಂದೆಯಂತಹ ದೊಡ್ಡ ಕಾಳನ್ನು ರಾತ್ರಿ ನೆನೆಸಿಡಿ. ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡಬೇಕಾದದ್ದು ಬಟ್ಟೆಯ ವಿಷಯ. ಹಳೆಯ ಹತ್ತಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಇನ್ನೊಂದು ಹನಿಯೂ ಬೀಳದಂತೆ ಹಿಂಡಬೇಕು. ಆದರೆ ಅಂಗೈ ಹಿಂಭಾಗಕ್ಕೆ ಒತ್ತಿದರೆ ತಂಪು ತಾಗಬೇಕು, ಹಸಿ ಅಂಟಬಾರದು. (ಅಡುಗೆಮನೆ ಒರೆಸುವ ಬಟ್ಟೆಯನ್ನೂ ಹೀಗೆಯೇ ಹಿಂಡಿ ಹರವಬೇಕು, ಮುದ್ದೆ ಮಾಡಿ ಮೂಲೆಗೆಸೆದು ಆಮೇಲೆ ವಾಸನೆಯೆಂದು ಗೊಣಗುವವರಿಗೆ ಏನು ಹೇಳುವುದು?) ಈ ಬಟ್ಟೆಯನ್ನು ಅಗಲ ಬಾಯಿಯ ಗಾಜಿನ ಶೀಶೆಯ ಒಳಗೋಡೆಗೆ ಸುಕ್ಕಿಲ್ಲದಂತೆ ಒರಗಿಸಿ, ನಡುವೆ ಅಷ್ಟೇ ತೇವದ ಇನ್ನೊಂದು ಬಟ್ಟೆಯನ್ನು ಬಿಗಿಯಾಗಿ ತುಂಬಿ, ಚಮಚದ ಹಿಡಿಯಿಂದ ಕಾಳುಗಳನ್ನು ಗಾಜಿಗೂ ಬಟ್ಟೆಗೂ ನಡುವೆ, ಶೀಶೆಯ ಅರ್ಧ ಎತ್ತರಕ್ಕೆ ಇಳಿಸಿ. ಒಂದರ ಕಣ್ಣು (ಕಾಳು ಕಾಯಿಗೆ ಅಂಟಿಕೊಂಡಿದ್ದ ಗುರುತು) ಮೇಲಕ್ಕಿರಲಿ, ಒಂದರದು ಕೆಳಕ್ಕೆ, ಒಂದರದು ಪಕ್ಕಕ್ಕೆ. ಬೆರಳಿನಿಂದ ಆಗಾಗ ಸುತ್ತಲೂ ಸಮನಾಗಿ ನೀರು ಚಿಮುಕಿಸಿ, ತಳದಲ್ಲಿ ನಿಂತದ್ದನ್ನು ಬಗ್ಗಿಸಿ ಚೆಲ್ಲಿ. ಬೆಳಕಿನ ತಕರಾರು ಬಾರದಂತೆ ಶೀಶೆ ಕತ್ತಲಲ್ಲಿರಬೇಕು; ನನ್ನ ಮಕ್ಕಳು ಚಿಕ್ಕವರಿದ್ದಾಗ ಬೀರುವಿನ ಕೆಳಗಿನ ಅರೆಯಲ್ಲಿ ಸೀರೆಗಳ ಪಕ್ಕದಲ್ಲೇ ಇಂತಹದೊಂದು ಶೀಶೆ ಇರುತ್ತಿತ್ತು, ಶಾಲೆಯಿಂದ ಬಂದವರು ಚೀಲವನ್ನೂ ಇಳಿಸದೆ ಅಲ್ಲಿಗೆ ಓಡುತ್ತಿದ್ದರು.

ಕಣ್ಣು ಎತ್ತ ಇದ್ದರೂ ಬೇರು ಸುತ್ತಿಕೊಂಡಾದರೂ ಕೆಳಕ್ಕೇ ಬರುತ್ತದೆ. ಅದು ಹೆಬ್ಬೆರಳಿನ ಉಗುರಿನಷ್ಟು ಉದ್ದವಾದ ಮೇಲೆ ಶೀಶೆಯನ್ನು ಮಲಗಿಸಿ, ಉರುಳದಂತೆ ಒತ್ತು ಕೊಡಿ. ಇಲ್ಲಿಯೂ ಅವಸರದವರು ಎಡವುತ್ತಾರೆ: ಮಲಗಿಸಿದ ಶೀಶೆಯ ಮೇಲ್ಭಾಗಕ್ಕೆ ಬಂದ ಕಾಳಿನ ಬೇರು ಬಟ್ಟೆಯೊಳಗೆ ನುಗ್ಗಿ ಕಣ್ಣಿಗೆ ಮರೆಯಾಗುತ್ತದೆ, ಅಡಿಯದು ಗಾಜಿಗೆ ಒತ್ತಿಕೊಳ್ಳುತ್ತದೆ, ಆದ್ದರಿಂದ ನೋಡಬೇಕಾದ ಕಾಳು ಪಕ್ಕದ ಗೋಡೆಯಲ್ಲಿ, ನಿಮ್ಮ ಮುಖಕ್ಕೆ ಎದುರಾಗಿರಬೇಕು. ಬೇರಿನ ತುದಿ ಇರುವಲ್ಲಿ ಗಾಜಿನ ಹೊರಗೆ ಗೆರೆ ಎಳೆದು, ಕೆಲವು ಗಂಟೆ ಮುಟ್ಟದೆ ಬಿಡಿ. ಆಗಲೇ ಬೆಳೆದ ಭಾಗ ಇದ್ದಂತೆಯೇ ಇದ್ದು, ತುದಿಯ ಹಿಂದೆ ಹೊಸದಾಗಿ ಉದ್ದವಾಗುತ್ತಿರುವ ಭಾಗ ಮಾತ್ರ ಬಾಗಿರುತ್ತದೆ. ಮತ್ತೆ ಶೀಶೆಯನ್ನು ನಿಲ್ಲಿಸಿದರೆ ಬೇರು ಮೆಟ್ಟಿಲಿನಂತೆ ಇನ್ನೊಂದು ತಿರುವು ತೆಗೆದುಕೊಳ್ಳುತ್ತದೆ.

ಬೇರಿನ ತುದಿಯ ಟೊಪ್ಪಿಗೆಯ ಜೀವಕೋಶಗಳಲ್ಲಿರುವ ಭಾರವಾದ ಪಿಷ್ಟಕಣಗಳು ಶೀಶೆ ಮಲಗಿದೊಡನೆ ಕೆಳಮಗ್ಗುಲಿಗೆ ಜಾರುತ್ತವೆ, ಅದರ ಸುಳಿವು ಹಿಡಿದು ಆಕ್ಸಿನ್ ಎಂಬ ಬೆಳವಣಿಗೆಯ ರಸ ಕೆಳಮಗ್ಗುಲಲ್ಲಿ ಹೆಚ್ಚುತ್ತದೆ. ಬೇರಿನಲ್ಲಿ ಅದು ಆ ಮಗ್ಗುಲಿನ ಬೆಳವಣಿಗೆಯನ್ನು ತಡೆಯುವುದರಿಂದ ಮೇಲ್ಮಗ್ಗುಲು ಉದ್ದವಾಗಿ ಬೇರು ಕೆಳಕ್ಕೆ ಬಾಗುತ್ತದೆ. ಕಾಂಡದಲ್ಲಿ ಅದೇ ರಸ ಕೆಳಮಗ್ಗುಲಿನ ಬೆಳವಣಿಗೆಗೆ ಚುರುಕು ಕೊಡುವುದರಿಂದ ಕಾಂಡ ಮೇಲಕ್ಕೇಳುತ್ತದೆ. ನಂಬದಿದ್ದರೆ ಒಂದು ಬೇರಿನ ತುದಿಯನ್ನು ಹರಿತವಾದ ಬ್ಲೇಡಿನಿಂದ ತೀರ ಚೂರೇ ಚೂರು ಕತ್ತರಿಸಿ ಮಲಗಿಸಿ ನೋಡಿ: ಹೊಸ ತುದಿ ಮೂಡುವವರೆಗೆ ಅದು ಬಾಗದೆ ಅಡ್ಡಡ್ಡಲಾಗಿಯೇ ಬೆಳೆಯುತ್ತದೆ. 1880ರಲ್ಲಿ ಡಾರ್ವಿನ್ ತನ್ನ ಮಗನೊಂದಿಗೆ ವಿವರಿಸಿದ ಪ್ರಯೋಗಗಳಲ್ಲಿ ಇದೂ ಒಂದು. ಅದಕ್ಕೂ ಮೊದಲು, 1806ರಲ್ಲಿ, ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಥಾಮಸ್ ಆಂಡ್ರ್ಯೂ ನೈಟ್ ನೀರಿನಿಂದ ತಿರುಗುವ ಚಕ್ರಕ್ಕೆ ಬೀಜಗಳನ್ನು ಕಟ್ಟಿ, ವೇಗವಾಗಿ ಸುತ್ತುವಾಗ ಹೊರಕ್ಕೆ ಎಸೆಯುವ ಬಲವೇ ಸೆಳೆತದ ಜಾಗ ಹಿಡಿದು ಬೇರು ಹೊರಕ್ಕೂ ಕಾಂಡ ಚಕ್ರದ ನಡುವಿಗೂ ಬೆಳೆಯುವುದನ್ನು ತೋರಿಸಿದ್ದ. ದಯವಿಟ್ಟು ಇದನ್ನು ಮನೆಯ ಫ್ಯಾನಿಗೆ ಕಟ್ಟಿ ನೋಡಬೇಡಿ.

ಬೆಳಕಿನ ಪರೀಕ್ಷೆಗೆ ಬೇರೆಯೇ ಶೀಶೆ ಹೂಡಿ, ಒಂದೇ ಪಕ್ಕದಲ್ಲಿ ತೂತಿರುವ ರಟ್ಟಿನ ಪೆಟ್ಟಿಗೆಯೊಳಗಿಡಿ. ಕಾಂಡ ತೂತಿನ ಕಡೆಗೆ ತಲೆ ಚಾಚುತ್ತದೆ. ಮುಖ್ಯ ಬೇರಿನಿಂದ ಕವಲೊಡೆಯುವ ಚಿಕ್ಕ ಬೇರುಗಳು ಓರೆಯಾಗಿ ಹೋದರೆ ಮೊಳಕೆ ಕೆಟ್ಟಿತೆಂದು ಎಸೆಯಬೇಡಿ. ಅವುಗಳ ಬೆಳವಣಿಗೆಯೇ ಹಾಗೆ.