ಫಿಲಿಪೀನ್ಸ್‌ನಲ್ಲಿ ಕೊಲೆ ಕೇಸಿನ ಅಪೀಲು: ‘ಅಲೆವೋಸಿಯಾ’ ಅಂದರೇನು?

ಓದಲು, ದುಡಿಯಲು ಫಿಲಿಪೀನ್ಸ್‌ಗೆ ಬಂದ ನಮ್ಮವರಿಗೆ ಇಂಥ ಮಾಹಿತಿ ಬೇಕಾಗದೇ ಇರಲಿ. ಆದರೆ ನಮ್ಮ ಪೈಕಿ ಯಾರೋ ಕೊಲೆಯಾಗಿ, ಇಲ್ಲವೇ ಯಾರ ಮೇಲೋ ಆರೋಪ ಬಂದು ಕೋರ್ಟ್ ಮೆಟ್ಟಿಲು ಹತ್ತಿದರೆ, ‘ಅಲೆವೋಸಿಯಾ’ ಅನ್ನುವ ಸ್ಪ್ಯಾನಿಷ್ ಪದ ಕಿವಿಗೆ ಬೀಳುತ್ತದೆ. ಇಂಗ್ಲಿಷ್ ತೀರ್ಪುಗಳಲ್ಲಿ ಅದೇ ‘ಟ್ರೆಚರಿ’. ನಂಬಿಕೆದ್ರೋಹ ಅಂದುಕೊಳ್ಳಬೇಡಿ. ಎದುರಿನವನಿಗೆ ತಪ್ಪಿಸಿಕೊಳ್ಳಲು, ತಿರುಗಿ ಬೀಳಲು ಅವಕಾಶವೇ ಸಿಗದ ಹಾಗೆ ಬೇಕಂತಲೇ ದಾರಿ ಹುಡುಕಿ ಹೊಡೆಯುವುದು ಅಲೆವೋಸಿಯಾ.

ಇದಕ್ಕೇಕೆ ಇಷ್ಟು ಮಹತ್ವ? ಸಾಯಿಸುವ ಉದ್ದೇಶ ಇತ್ತು ಅನ್ನುವುದಷ್ಟೇ ಇಲ್ಲಿ ‘ಮರ್ಡರ್’ ಆಗಲು ಸಾಲದು. 1932ರಲ್ಲಿ ಜಾರಿಗೆ ಬಂದ ದಂಡಸಂಹಿತೆಯ 249ನೇ ಕಲಮಿನ ‘ಹೋಮಿಸೈಡ್’ಗೆ (ಅಂಥ ವಿಶೇಷ ಅಂಶವಿಲ್ಲದ ಸಾಮಾನ್ಯ ಕೊಲೆ) 12 ವರ್ಷ 1 ದಿನದಿಂದ 20 ವರ್ಷದವರೆಗೆ ಶಿಕ್ಷೆ. ಅಲೆವೋಸಿಯಾದಂಥ ಅಂಶ ಸೇರಿದರೆ 248ನೇ ಕಲಂ, 40 ವರ್ಷದವರೆಗೆ ಹೋಗುವ ‘ರೆಕ್ಲೂಸಿಯೋನ್ ಪರ್ಪೆಟುವಾ’ ಅನ್ನುವ ಜೈಲುಶಿಕ್ಷೆ. ಮರಣದಂಡನೆ 2006ರಲ್ಲೇ ರದ್ದಾಯಿತು.

ಹಾಗಾಗಿ ಎರಡು ವಿಷಯ ಬೇರೆ ಬೇರೆ ಸಾಬೀತಾಗಬೇಕು: ಕೊಂದವನು ಇವನೇ, ಕೊಂದದ್ದು ಹೀಗೆ. ಎರಡಕ್ಕೂ ಒಂದೇ ಅಳತೆ, ಸಂಶಯಕ್ಕೆ ಎಡೆಯಿರಬಾರದು.

ಒಂದು ಉದಾಹರಣೆ ಊಹಿಸಿಕೊಳ್ಳಿ. ಸಾರಿ-ಸಾರಿ (ಬೀದಿಬದಿಯ ಚಿಲ್ಲರೆ) ಅಂಗಡಿ ಮುಂದೆ ಚಾಕು ಇರಿತವಾಗಿದೆ. ಸಾಕ್ಷಿ ಹೇಳುತ್ತಾಳೆ: ‘ಕೂಗು ಕೇಳಿ ತಿರುಗಿ ನೋಡಿದೆ, ಇವನು ಇರಿಯುತ್ತಿದ್ದ.’ ಇವನೇ ಅನ್ನುವುದಕ್ಕೆ ಈ ಮಾತು ಸಾಕಾಗಬಹುದು. ಆದರೆ ತಿರುಗುವ ಮುಂಚೆ ಏನಾಯಿತು? ಜಗಳವಾಗಿತ್ತಾ, ಸತ್ತವನೂ ಕೈ ಎತ್ತಿದ್ದನಾ? ಮೊದಲ ಏಟು ಕಂಡವರಿಲ್ಲದಿದ್ದರೆ, ಬೇರೆ ಪುರಾವೆಯೂ ಇಲ್ಲದಿದ್ದರೆ, ಅಲೆವೋಸಿಯಾ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಬೆನ್ನಿಗೆ ಗಾಯ ಇದೆ ಅಂದಮಾತ್ರಕ್ಕೆ ಆಗುವುದಿಲ್ಲ. ಮಗನನ್ನು ಕಳೆದುಕೊಂಡ ಮನೆಯವರಿಗೆ ಇದು ಅನ್ಯಾಯ ಅನಿಸುತ್ತದೆ, ಸಹಜ. ಆದರೂ ಊಹೆಯ ಮೇಲೆ ಒಬ್ಬನ ಶಿಕ್ಷೆ ಹೆಚ್ಚಿಸದಿರುವುದು ಸರಿಯಾದ ನಿಯಮವೆಂದೇ ನಾನು ನಂಬುತ್ತೇನೆ. ಸಣ್ಣ ಮಗುವನ್ನು ಕೊಂದಾಗ ಮಾತ್ರ ಲೆಕ್ಕ ಬೇರೆ, ಮಗು ತನ್ನನ್ನು ಕಾಪಾಡಿಕೊಳ್ಳಲಾರದು ಅಲ್ವಾ?

ಆರೋಪಪಟ್ಟಿಯಲ್ಲಿ ‘ಟ್ರೆಚರಿ’ ಅಂತ ಸುಮ್ನೆ ಬರೆದರೆ ಸಾಲದು, ಹೇಗೆ ನಡೆಯಿತು ಅನ್ನುವುದೂ ಇರಬೇಕು ಅಂತ ಇಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಆರೋಪಿ ಸಮಯಕ್ಕೆ ಆಕ್ಷೇಪಿಸದೆ ಇದ್ದರೆ ಆಕ್ಷೇಪಿಸುವ ಹಕ್ಕು ಹೋಗುತ್ತದೆ.

ಜ್ಯೂರಿ ಪದ್ಧತಿ ಇಲ್ಲ. ವಿಚಾರಣಾ ಕೋರ್ಟಿನ ತೀರ್ಪು ಬಂದ 15 ದಿನದೊಳಗೆ ಅಪೀಲಿನ ನೋಟಿಸ್ ಕೊಡಬೇಕು. ಕೇಸು ಮೊದಲು ಕೋರ್ಟ್ ಆಫ್ ಅಪೀಲ್ಸ್‌ಗೆ, ಆಮೇಲೆ ಸುಪ್ರೀಂ ಕೋರ್ಟಿಗೆ. ಆರೋಪಿ ಅಪೀಲು ಹೋದರೆ ಇಡೀ ಕೇಸು ಮತ್ತೆ ತೆರೆಯುತ್ತದೆ. ಶಿಕ್ಷೆ ಇಳಿಯಲೂಬಹುದು, ಏರಲೂಬಹುದು. ವಕೀಲರನ್ನು ಇದನ್ನೇ ಮೊದಲು ಕೇಳಿ. ಫೀಸು ಕೊಡಲಾಗದ ಬಡವರಿಗೆ ಪಬ್ಲಿಕ್ ಅಟಾರ್ನೀಸ್ ಆಫೀಸ್ ವಕೀಲರನ್ನು ಕೊಡುತ್ತದೆ.

ಇನ್ನೊಂದು ಮಾತು. ಮೇಲಿನ ಕೋರ್ಟುಗಳು ಸಾಕ್ಷಿಯನ್ನು ಮತ್ತೆ ಕರೆಸಿ ಕೇಳುವುದು ತೀರಾ ಅಪರೂಪ, ಸ್ಟೆನೋಗ್ರಾಫರ್ ಬರೆದ ಹಾಳೆಗಳನ್ನೇ ಓದುತ್ತವೆ. ನಿಮ್ಮ ಮಾತನ್ನು ದುಭಾಷಿ ತಪ್ಪಾಗಿ ಹೇಳಿದರೆ ಅಲ್ಲೇ, ಆಗಲೇ ವಕೀಲರಿಗೆ ತಿಳಿಸಿ ಸರಿಪಡಿಸಿಕೊಳ್ಳಿ.