ನಮ್ಮ ಹಟ್ಟಿಯ ಮೇವಿನ ಹಕ್ಕಿಗೆ ಅರ್ಜಿ ಹಾಕಿದ ಬಗೆ

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡಂಚಿನಲ್ಲಿ ನಮ್ಮ ಕಾಡುಗೊಲ್ಲರ ಹಟ್ಟಿ ಇದೆ. ಕುರಿ, ಮೇಕೆಯೇ ಬದುಕು. 2019ರಲ್ಲಿ ಇಲ್ಲಿನ ಕಾಡು ಚಿಂಕಾರ ವನ್ಯಜೀವಿ ಧಾಮವಾದಾಗ, ಇನ್ನು ಕಾಡಿಗೆ ಕಾಲಿಡೋ ಹಾಗಿಲ್ಲ ಅಂತ ಎಲ್ಲರೂ ಹೆದರಿದರು. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ವನ್ಯಜೀವಿ ಧಾಮಕ್ಕೂ ಅನ್ವಯಿಸುತ್ತದೆ. ಉಳುವ ನೆಲಕ್ಕಷ್ಟೇ ಅಲ್ಲ, ಮೇವು, ನೀರಿಗೂ ಇಡೀ ಸಮುದಾಯ ಹಕ್ಕು ಕೇಳಬಹುದು. ಹಾಗೆ ಸಮುದಾಯದ ಹಕ್ಕು ಕೇಳುವ ಅರ್ಜಿಯೇ ಬಿ ನಮೂನೆ. ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿಯಾಗಿ ಅದನ್ನು ತುಂಬಿದವನು ನಾನು.

ನಾವು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಹಾಗಾಗಿ 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲೇ ಇದ್ದೆವು ಅಂತ ತೋರಿಸಬೇಕು. 1930ರ ಕಾಗದ ಕುರಿ ಕಾಯೋರ ಮನೆಯಲ್ಲಿ ಎಲ್ಲಿರುತ್ತೆ? ಕಾಗದ ತನ್ನಿ ಅಂತಲೇ ಕೂತವರಿಗೆ ನಾವು ಈ ಕಾಯ್ದೆಯ 13ನೇ ನಿಯಮ ಓದಿ ಹೇಳಿದೆವು. ಹಿರಿಯರ ಹೇಳಿಕೆ ಬರೆದಿಟ್ಟರೆ ಅದೂ ಸಾಕ್ಷಿ. ಹಳೇ ಬಾವಿ, ಸಮಾಧಿ, ದೇವರ ಜಾಗವೂ ಸಾಕ್ಷಿ. ಎರಡು ಬಗೆಯಾದರೂ ಇರಬೇಕು, ಅಷ್ಟೇ.

ಹೇಳಿಕೆ ಕೊಡುವ ಹಿರಿಯರು ಅರ್ಜಿದಾರರಾಗಿರಬಾರದು. ಅದಕ್ಕೇ ಪಕ್ಕದ ಊರಿನ ರೈತರ ಬಳಿ ಹೋದೆವು. ಗೊಬ್ಬರಕ್ಕೆ ನಮ್ಮ ಕುರಿಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ ಮನೆಗಳವು. ಯಾರ ತಾತ ಯಾರ ಹೊಲಕ್ಕೆ ಬರ್ತಿದ್ದರು ಅನ್ನೋದು ಅವರ ಬಾಯಲ್ಲೇ ಇತ್ತು.

ಆಮೇಲೆ ನಮ್ಮ ಹಟ್ಟಿಯ ಹಿರಿಯರೊಂದಿಗೆ ಕಾಡು ಸುತ್ತಿದೆವು. ಕುರಿ ಕೂಡುವ ರೊಪ್ಪದ ಕಲ್ಲುಗೋಡೆ, ನಮ್ಮ ದೇವರು ಜುಂಜಪ್ಪನ ಕಲ್ಲು, ಬಂಡೆಯಲ್ಲಿ ನೀರು ನಿಲ್ಲುವ ದೊಣೆ. ದೊಣೆಯ ಅಂಚು ಕುರಿಗಳ ಕಾಲು ತಾಗಿ ತಾಗಿ ನುಣ್ಣಗಾಗಿತ್ತು. ಅಲ್ಲಿ ಒಬ್ಬ ಅಜ್ಜಿ, ಮರಿ ಹಾಕಿದ ಕುರಿಗಳನ್ನು ತಮ್ಮ ಅತ್ತೆ ಯಾವ ಮರದಡಿ ಬಿಡ್ತಿದ್ದರು ಅಂತ ತೋರಿಸಿದರು. ಗಂಡಸರಿಗೆ ಅದು ಗೊತ್ತೇ ಇರಲಿಲ್ಲ. ಅರ್ಜಿಯ ನಕ್ಷೆಯಲ್ಲಿ ಈ ಜಾಗಗಳಿಗೆ ಹಿರಿಯರು ಕರೆಯುವ ಹೆಸರುಗಳನ್ನೇ ಬರೆದೆವು.

ಒಂದು ಮನೆಯ ಟ್ರಂಕಿನಲ್ಲಿ ಹಳೇ ದಂಡದ ರಸೀದಿ ಸಿಕ್ಕಿತು. ಕಾಡಿನಲ್ಲಿ ಮೇಕೆ ಮೇಯಿಸಿದ್ದಕ್ಕೆ ತಾತ ಕಟ್ಟಿದ್ದು. ತಾತ ಇಲ್ಲೇ ಮೇಯಿಸುತ್ತಿದ್ದರು ಅನ್ನೋದಕ್ಕೆ ಸಾಕ್ಷಿಯಾಗಿ ಅದನ್ನೂ ಅರ್ಜಿಗೆ ಲಗತ್ತಿಸಿದೆವು. ಆ ಮನೆಯವರಿಗೆ ಆವತ್ತು ಮಾತೇ ಹೊರಡಲಿಲ್ಲ.

ಗ್ರಾಮಸಭೆಗೆ ಅರ್ಧದಷ್ಟು ಜನ ಬರಲೇಬೇಕು, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಬೇಸಿಗೆಯಲ್ಲಿ ಸಭೆ ಕರೆದರೆ ಹಟ್ಟಿ ಖಾಲಿ ಅಲ್ವಾ, ಮಂದೆ ವಾಪಸ್ ಬಂದ ಮೇಲೆ ಕರೆದೆವು. ಸ್ಥಳ ಪರಿಶೀಲನೆಗೆ ಅರಣ್ಯ, ಕಂದಾಯ ಇಲಾಖೆಗೆ ಮೊದಲೇ ಬರೆದು ತಿಳಿಸಿ, ಬಂದವರ ಸಹಿ, ಹುದ್ದೆ, ತಾರೀಖು ಹಾಕಿಸಿಕೊಂಡೆವು.

ಅರ್ಜಿ ಈಗ ಉಪವಿಭಾಗಾಧಿಕಾರಿಗಳ ಸಮಿತಿ ಮುಂದಿದೆ. ತೀರ್ಮಾನ ನಮ್ಮ ಪರ ಬರದಿದ್ದರೆ ಜಿಲ್ಲಾ ಸಮಿತಿಗೆ ಹೋಗಲು 60 ದಿನ ಇರುತ್ತದೆ. ಅದಕ್ಕೆ ಬೇಕಾದ ಜೆರಾಕ್ಸ್ ಪ್ರತಿಗಳು, ಸ್ವೀಕೃತಿ ಪತ್ರ ಹಟ್ಟಿಯಲ್ಲೇ ಇವೆ.