ಕಾಟು ನಿದ್ದೆಗೆಟ್ಟ ಮಳೆಗಾಲ

ಹಗಲು ಹೊತ್ತು ನಾಯಿಯ ಉಗುರಿನ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ರಾತ್ರಿ ಎರಡು ಗಂಟೆಗೆ, ರೆಡ್ ಆಕ್ಸೈಡ್ ನೆಲದ ಮೇಲೆ, ಅದೇ ಟಕ್ ಟಕ್ ಇಡೀ ಮನೆಯನ್ನು ಎಬ್ಬಿಸುತ್ತದೆ. ಹೋದ ವರ್ಷ ಜೂನ್ ಕೊನೆಯ ವಾರ, ಜಡಿಮಳೆಯ ನಡುವೆ ನನಗೆ ಎಚ್ಚರವಾದದ್ದು ಹಾಗೆ. ಚಾವಡಿಯಿಂದ ಅಡುಗೆಮನೆಗೆ, ಅಲ್ಲಿಂದ ಮತ್ತೆ ಚಾವಡಿಗೆ. ಆಮೇಲೆ ಸದ್ದು ನಿಂತಿತು. ಹೋಗಿ ನೋಡಿದರೆ ಕಾಟು ಬಾಗಿಲ ಹಿಂದಿನ ಸಂದಿಗೆ ಮೂತಿ ತೂರಿಸಿ, ಏದುಸಿರು ಬಿಡುತ್ತ ನಿಂತಿದ್ದ. ಹಿಂದಕ್ಕೆ ಹೆಜ್ಜೆ ಇಡಬಹುದು ಎನ್ನುವುದೇ ಅವನಿಗೆ ಮರೆತಂತಿತ್ತು.

ಉಡುಪಿಯ ಸಂತೆಕಟ್ಟೆಯ ಹತ್ತಿರ ನಮ್ಮ ಮನೆ. ಹಿತ್ತಲಿನ ಕಾಟುಮಾವಿನ ಮರದ ಬುಡದಲ್ಲಿ ಸಿಕ್ಕಿದ ಊರುನಾಯಿ ಮರಿ ಅವನು, ಹೆಸರೂ ಅಲ್ಲಿಂದಲೇ ಬಂತು. ಕಳೆದ ವರ್ಷಕ್ಕೆ ಹದಿಮೂರು ತುಂಬಿತ್ತು.

"ಗುಳಿಗ ದೈವದ ಸಂಚಾರದ ಹೊತ್ತು ಅದು, ನಾಯಿಗೆ ಕಾಣ್ತದೆ" ಎಂದರು ಅಮ್ಮ. ಹರಕೆಯನ್ನೂ ಹೇಳಿಕೊಂಡರು, ನಾನು ಬೇಡ ಎನ್ನಲಿಲ್ಲ. ಪಕ್ಕದ ಮನೆಯ ಅಕ್ಕ, "ಪ್ರಾಯ ಆಯ್ತಲ್ಲ ಮಾರಾಯ್ತಿ, ಇನ್ನು ಎಂತ ಮಾಡ್ಲಿಕ್ಕುಂಟು?" ಎಂದರು. ನನ್ನನ್ನು ಮೂರು ವಾರ ಸುಮ್ಮನೆ ಕೂರಿಸಿದ್ದು ಈ ಎರಡನೆಯ ಮಾತು. ಪ್ರಾಯ ಒಂದು ಕಾಯಿಲೆಯೇ ಎಂಬ ಹಾಗೆ ನಾನೂ ಒಪ್ಪಿಕೊಂಡುಬಿಟ್ಟೆ.

ಆ ಮೂರು ವಾರದಲ್ಲಿ ನಾನು ಎರಡು ತಪ್ಪು ಮಾಡಿದೆ. ಕಾಟು ರಾತ್ರಿಯಿಡೀ ನೀರು ಕುಡಿದು ಚಾವಡಿಯಲ್ಲೇ ಮೂತ್ರ ಮಾಡತೊಡಗಿದ್ದ. ಹದಿಮೂರು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವನಲ್ಲ. ನಾನು ಬುದ್ಧಿವಂತೆಯಂತೆ ಒಂಬತ್ತು ಗಂಟೆಗೇ ನೀರಿನ ತಟ್ಟೆ ತೆಗೆದಿಟ್ಟೆ. ಮೂರನೆಯ ರಾತ್ರಿ ಅವನು ಬಚ್ಚಲಿನ ನೆಲ ನೆಕ್ಕುತ್ತಿದ್ದ. ಎರಡನೆಯದು ಇನ್ನೂ ಕೆಟ್ಟದ್ದು. ಹಿಂಗಾಲು ಎಳೆಯುತ್ತಿದ್ದಾನೆ, ನೋವಿರಬೇಕು ಎಂದು ಅಮ್ಮನ ಮಂಡಿನೋವಿನ ಡೈಕ್ಲೋಫೆನಾಕ್ ಮಾತ್ರೆಯಲ್ಲಿ ಅರ್ಧ ಮುರಿದು ಅನ್ನದಲ್ಲಿ ಕೊಟ್ಟೆ. ಎರಡು ದಿನ ವಾಂತಿ, ಮಲ ಡಾಂಬರಿನಂತೆ ಕಪ್ಪು. ಹೊಟ್ಟೆಯೊಳಗೆ ರಕ್ತ ಒಸರಿದರೆ ಮಲ ಹಾಗೆ ಕಪ್ಪಾಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಆಟೋದಲ್ಲಿ ಹಾಕಿಕೊಂಡು ಓಡಿದೆ.

ವೈದ್ಯರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತೇನೋ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಇವೆಲ್ಲ ನಾಯಿಯ ಹೊಟ್ಟೆಗೆ, ಕಿಡ್ನಿಗೆ ಪೆಟ್ಟು ಕೊಡುತ್ತವೆ, ಮನುಷ್ಯರ ನೋವಿನ ಮಾತ್ರೆ ಇನ್ನು ಮುಟ್ಟಬೇಡಿ ಎಂದರು. ವಾಂತಿ ನಿಂತ ಮೇಲೆ ಬೇರೆಯೇ ಪ್ರಶ್ನೆ ಶುರುವಾಯಿತು. "ದಿನಕ್ಕೆ ಎಷ್ಟು ನೀರು ಕುಡೀತಾನೆ? ಮಲಗಿದಾಗ ನಿಮಿಷಕ್ಕೆ ಎಷ್ಟು ಉಸಿರು? ಏಳುವುದು ಎಷ್ಟು ಗಂಟೆಗೆ?" ನನ್ನ ಹತ್ತಿರ ಒಂದಕ್ಕೂ ಉತ್ತರ ಇರಲಿಲ್ಲ. "ಇಲ್ಲಿ ಟೇಬಲ್ ಮೇಲೆ ಹತ್ತಿಸಿದರೆ ಹೆದರಿ ನೋವನ್ನೂ ಮುಚ್ಚಿಡ್ತಾನೆ. ಒಂದು ವಾರ ಬರೆದಿಡಿ, ರಾತ್ರಿಯ ವಿಡಿಯೋ ತನ್ನಿ" ಎಂದು ಕಳಿಸಿದರು.

ಹಳೆಯ ಡೈರಿಯೊಂದನ್ನು ಫ್ರಿಜ್ ಮೇಲಿಟ್ಟು ಬರೆಯತೊಡಗಿದೆ. ಲೀಟರ್ ಬಾಟಲಿಯಲ್ಲಿ ಅಳೆದು ತಟ್ಟೆಗೆ ಸುರಿಯುವುದು, ರಾತ್ರಿ ಉಳಿದದ್ದನ್ನು ಕಳೆಯುವುದು. ಹದಿನಾರು ಕಿಲೋದ ನಾಯಿ ದಿನಕ್ಕೆ 2 ಲೀಟರ್ ಕುಡಿಯುತ್ತಿದ್ದ. ಕಿಲೋಗೆ 100 ಮಿಲಿ ದಾಟಿದರೆ ಪರೀಕ್ಷೆ ಮಾಡಿಸಲೇಬೇಕು ಎಂದು ವೈದ್ಯರು ಹೇಳಿದ್ದರು, ಇವನದು 125. ಗಾಢ ನಿದ್ದೆಯಲ್ಲಿ ಪಕ್ಕೆ ಏರಿಳಿಯುವುದನ್ನು ಎಣಿಸಿದರೆ ನಿಮಿಷಕ್ಕೆ 20ರ ಆಸುಪಾಸು. ಅದು 30ರ ಒಳಗಿದ್ದದ್ದು ಒಂದು ಸಮಾಧಾನ, ಹೃದಯದ ಚಿಂತೆ ಸ್ವಲ್ಪ ಹಿಂದೆ ಸರಿಯಿತು.

ಬೆಳಗಿನ ಮೊದಲ ಮೂತ್ರ ಬೇಕು ಎಂದಾಗ ನಗು ಬಂತು. ಬೇಡವಾದ ಒಂದು ಸೌಟನ್ನು ಕೋಲಿಗೆ ಕಟ್ಟಿ, ಕುದಿನೀರಲ್ಲಿ ತೊಳೆದು, ಕೊಡೆ ಹಿಡಿದು ಅವನ ಹಿಂದೆ ಅಂಗಳದಲ್ಲಿ ಅಲೆದೆ. ಕಾಲೆತ್ತಿದ ಕೂಡಲೇ ಸೌಟು ಚಾಚಬೇಕು. ಮೊದಲ ದಿನ ಅವನು ಸೌಟನ್ನು ಕಂಡು ಓಡಿದ, ಎರಡನೆಯ ದಿನ ಸಿಕ್ಕಿತು. (ಆ ಸೌಟನ್ನು ಅಮ್ಮ ಮರುದಿನವೇ ಮನೆಯಿಂದ ಆಚೆ ಎಸೆದರು.)

ನಮ್ಮ ಕಡೆ ಉಣ್ಣಿ ಹೆಚ್ಚು, ಹಾಗಾಗಿ ರಕ್ತಪರೀಕ್ಷೆಗೆ ಉಣ್ಣಿಜ್ವರದ್ದನ್ನೂ ಸೇರಿಸಿದ್ದರು. ಅದು ಇರಲಿಲ್ಲ, ಸಕ್ಕರೆಯೂ ಸರಿ. ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ 2.1 ಬಂತು. 1.4ರ ಒಳಗೆ ಇರಬೇಕಾದದ್ದು. ಮೂತ್ರ ನೀರಿನಷ್ಟೇ ತೆಳು. ಕಿಡ್ನಿ ಮೂತ್ರವನ್ನು ಗಟ್ಟಿ ಮಾಡಲಾರದೆ ನೀರನ್ನೆಲ್ಲ ಹೊರಗೆ ಬಿಡುತ್ತಿದೆ, ಅದನ್ನು ತುಂಬಿಕೊಳ್ಳಲು ಇವನು ಕುಡಿಯುತ್ತಿದ್ದಾನೆ. ಇಂಥವನ ನೀರಿನ ತಟ್ಟೆ ನಾನು ಅಡಗಿಸಿಟ್ಟಿದ್ದೆ. ನನ್ನ ಅರ್ಧ ಮಾತ್ರೆಯಿಂದಲೇ ಏರಿತೋ ಎಂದು ಕೇಳಿದೆ. ತಿಂಗಳು ಬಿಟ್ಟು ಮತ್ತೆ ಮಾಡಿಸಿದಾಗಲೂ 1.9 ಇತ್ತು, ನೀರು ಕುಡಿಯುವುದೂ ಮಾತ್ರೆಗೆ ಮೊದಲೇ ಹೆಚ್ಚಾಗಿತ್ತು, ಅಂದರೆ ಒಳಗೆ ಅದು ಮೊದಲೇ ಶುರುವಾಗಿದ್ದಿರಬೇಕು.

ಕಣ್ಣಿನ ನೀಲಿ ಮಬ್ಬು ನನಗೆ ಪೊರೆಯಂತೆ ಕಂಡಿತ್ತು. ವೈದ್ಯರು ಟಾರ್ಚು ಬಿಟ್ಟು ನೋಡಿ, ಇದು ಪ್ರಾಯದಲ್ಲಿ ಮಸೂರ ಗಟ್ಟಿಯಾಗುವುದು, ಹಗಲಿನಲ್ಲಿ ಕಾಣುತ್ತದೆ, ಕತ್ತಲೆಯಲ್ಲಿ ತಡವರಿಸುತ್ತಾನೆ ಎಂದರು. ಸೊಂಟದ ಕೀಲಿನಲ್ಲಿ ಸವೆತ ಇತ್ತು, ಹಿಂಗಾಲನ್ನು ಹಿಂದಕ್ಕೆ ಚಾಚಿದಾಗ ತಿರುಗಿ ಕೈಗೆ ಮೂತಿ ತಂದ. ಕಿಡ್ನಿ ಹೀಗಿರುವಾಗ ಮೆಲಾಕ್ಸಿಕಾಂನಂಥ ನೋವಿನ ಮದ್ದು ಬೇಡ ಎಂದು ಅದರ ಬದಲು ಗಾಬಾಪೆಂಟಿನ್ ಬರೆದರು, ಅದೂ ಕಡಿಮೆ ಪ್ರಮಾಣದಲ್ಲಿ. ಮನುಷ್ಯರ ಸಿರಪ್ ತರಬೇಡಿ, ಕೆಲವದರಲ್ಲಿ ಜೈಲಿಟಾಲ್ ಎಂಬ ಸಿಹಿ ಇರುತ್ತದೆ, ನಾಯಿಗೆ ಅದು ವಿಷ ಎಂದು ಎರಡು ಸಲ ಹೇಳಿದರು.

ಮದ್ದಿಗಿಂತ ಬೇಗ ಫಲ ಕೊಟ್ಟದ್ದು ನೆಲ. ವಿಡಿಯೋವನ್ನು ನಿಧಾನ ಮಾಡಿ ನೋಡಿದಾಗ ಗೊತ್ತಾಯಿತು: ಅವನು ಮಲಗಲು ಹೋಗಿ ಹಿಂಗಾಲು ಜಾರಿ ಮತ್ತೆ ಎದ್ದು ನಿಲ್ಲುತ್ತಿದ್ದ. ಮಳೆಗಾಲದ ತೇವಕ್ಕೆ ಬೆವರುವ ಆ ಕೆಂಪು ನೆಲದಲ್ಲಿ ಆರೋಗ್ಯವಂತ ಮನುಷ್ಯರೇ ಜಾರುತ್ತಾರೆ. ಮೊದಲು ಗೋಣಿ ಹಾಸಿದೆ, ಗೋಣಿಯೇ ಜಾರಿತು. ಅಡಿಯಲ್ಲಿ ರಬ್ಬರ್ ಇರುವ ಮ್ಯಾಟುಗಳನ್ನು ಚಾವಡಿಯಿಂದ ಹಿಂಬಾಗಿಲವರೆಗೆ ದಾರಿಯಂತೆ ಹಾಸಿದ ಮೇಲೆ ಸರಿಹೋಯಿತು. ಉಗುರು ಕತ್ತರಿಸಿ, ಪಾದದ ಬೆರಳ ಸಂದಿಯ ಕೂದಲನ್ನೂ ತೆಗೆದೆ. ಹಿಂಬಾಗಿಲ ಹೊರಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ ಮಳೆ ಬೀಳದ ಒಂದು ಮೂಲೆ ಮಾಡಿಕೊಟ್ಟೆ, ಏಕೆಂದರೆ ಮಳೆಯಲ್ಲಿ ನೆನೆದು ಮೂತ್ರ ಮಾಡಲು ಅವನಿಗೆ ಮೊದಲಿನಿಂದಲೂ ಆಗದು. ಡೈರಿ ನೋಡಿದರೆ ಅವನು ಏಳುವುದು ಹೆಚ್ಚಾಗಿ ಎರಡೂವರೆಗೆ. ನಾನು ಎರಡಕ್ಕೆ ಅಲಾರಂ ಇಟ್ಟು ನಾನೇ ಅವನನ್ನು ಹೊರಗೆ ಕರೆದುಕೊಂಡು ಹೋಗತೊಡಗಿದೆ. ಹತ್ತು ದಿನಕ್ಕೆ ಚಾವಡಿ ಒಣಗಿತು.

ಊಟದಲ್ಲಿ ಜಗಳವಾಯಿತು. ಅಮ್ಮನಿಗೆ ಅವನಿಗೊಂದು ಒಣಮೀನಿನ ತಲೆ ಹಾಕದೆ ತಾನು ಉಣ್ಣಲಾಗದು. ಉಪ್ಪೂ ಬೇಡ, ಮುಳ್ಳು ಮೂಳೆಯ ರಂಜಕವೂ ಬೇಡ ಎಂದು ನಾನು. ಕೊನೆಗೆ ಕುಚ್ಚಲಕ್ಕಿ ಗಂಜಿ, ಮೊಟ್ಟೆಯ ಬಿಳಿ, ಜೊತೆಗೆ ವೈದ್ಯರು ಹೇಳಿದ ಕಿಡ್ನಿಯ ಡಬ್ಬಿ ಆಹಾರ ಎಂದು ರಾಜಿಯಾಯಿತು. ಅಮ್ಮ ಈಗಲೂ ಕದ್ದು ಕೊಡುತ್ತಾರೆ ಎಂದು ನನ್ನ ಗುಮಾನಿ.

ಇಷ್ಟಾದರೂ ಬಾಗಿಲ ಸಂದಿಯಲ್ಲಿ ನಿಲ್ಲುವುದು ಹೋಗಲಿಲ್ಲ. ಬಾಗಿಲು ತೆರೆದರೆ ಬಿಜಾಗರಿ ಇರುವ ಬದಿಗೆ ಹೋಗಿ ಕಾಯುತ್ತಿದ್ದ. ಹಗಲೆಲ್ಲ ನಿದ್ದೆ, ಸಂಜೆಯಾದರೆ ಚಡಪಡಿಕೆ. ಮನುಷ್ಯರ ಮರೆವಿನ ಕಾಯಿಲೆಯಂಥದೇ ಒಂದು ನಾಯಿಗಳಿಗೂ ಬರುತ್ತದಂತೆ. ರಕ್ತದಲ್ಲಿ ಅದನ್ನು ಹಿಡಿಯುವ ಪರೀಕ್ಷೆ ಇಲ್ಲ, ನೋವು, ಕಿಡ್ನಿ, ಕಣ್ಣು ಎಲ್ಲವನ್ನೂ ನೋಡಿಯಾದ ಮೇಲೆ ಉಳಿದದ್ದಕ್ಕೆ ಆ ಹೆಸರು. ಮೊದಲ ದಿನವೇ ಯಾರಾದರೂ ಆ ಹೆಸರು ಹೇಳಿದ್ದರೆ ನಾನು ಕಿಡ್ನಿಯನ್ನು ನೋಡಿಸುತ್ತಲೇ ಇರಲಿಲ್ಲ. ಬೆಳಗ್ಗೆ ಒಂದು ಸೆಲಿಜಿಲಿನ್ ಮಾತ್ರೆ ಶುರುವಾಯಿತು, ಫಲ ಕಾಣಲು ತಿಂಗಳು ಬೇಕು ಎಂದಿದ್ದರು, ಒಂದೂವರೆ ಹಿಡಿಯಿತು. ಸಂಜೆ ಅವನು ಮಲಗಿಬಿಡದಂತೆ ಗೇರುಮರದ ತನಕ ನಡೆಸುತ್ತೇನೆ, ಅವನ ಮೂಗಿನ ವೇಗದಲ್ಲಿ. ಚಾವಡಿಯಲ್ಲಿ ಝೀರೋ ವಾಟ್ ಬಲ್ಬು. ಗುಡುಗಿಗೆ ಕರೆಂಟು ಹೋದರೆ ಆ ಬೆಳಕೂ ಇಲ್ಲದೆ ಕೂಗುತ್ತಿದ್ದ, ಹಾಗಾಗಿ ಇನ್ವರ್ಟರಿಗೆ ಸೇರಿಸಿದೆ. ಬಾಗಿಲ ಹಿಂದಿನ ಆ ಸಂದಿಗೆ ಒಂದು ಅಕ್ಕಿಡಬ್ಬ ಇಟ್ಟು ಮುಚ್ಚಿದೆ.

ಈಗ ಹದಿನಾಲ್ಕು ಮುಗಿಯುತ್ತಿದೆ. ನಿನ್ನೆಯ ಪುಟದಲ್ಲಿ ಬರೆದದ್ದು: ನೀರು 1.7 ಲೀಟರ್, ತೂಕ 15.2, ರಾತ್ರಿ 3:10ಕ್ಕೆ ಒಮ್ಮೆ ಎದ್ದ, ಅಕ್ಕಿಡಬ್ಬವನ್ನು ಮೂಸಿ ನೋಡಿದ, ಬಂದು ಮಲಗಿದ. ತೂಕ ಹೋದ ತಿಂಗಳಿಗಿಂತ ಮುನ್ನೂರು ಗ್ರಾಂ ಕಡಿಮೆ. ಸೋಮವಾರ ಮತ್ತೆ ರಕ್ತ ಕೊಡಲಿಕ್ಕುಂಟು.